ಉಲ್ಟಾ ನವಿಲಿನ ಕೋಟು

ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ಡಾಂಬರ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದು ಸೀನು ಬಂತು, ಸೀನಿನ ಬೆನ್ನಿಗೇ ನಗು ಬಂತು. ನೀವಿದ್ದರೆ ನೀವೂ ನಗುತ್ತಿದ್ದಿರಿ. ಎಲ್ಲಕ್ಕಿಂತ ಕೆಳಗೆ ತೋಳು ಮಡಚಿಕೊಂಡು ಮಲಗಿತ್ತು ನನ್ನ ಹಳೆಯ ಕೋಟು. ಕೋಟು ಅನ್ನುವುದು ನಮ್ಮ ಮನೆಯವರ ಮಾತು. ಊರವರಿಗೆ ಅದು ಸೋಲಾಪುರದ ಚಾದರವೇ.

ಇಂಡಿ ಊರಲ್ಲಿ ಕಾಲೇಜು ಓದುತ್ತಿದ್ದಾಗ ದಿಲ್ಲಿ ಟ್ರಿಪ್ಪು ಗೊತ್ತಾಯಿತು, ಅದೂ ಡಿಸೆಂಬರಿನಲ್ಲಿ. ನಮ್ಮ ಕಡೆಯ ಥಂಡಿ ಎಂದರೆ ಬೆಳಗ್ಗೆ ಕಿವಿಗೆ ಸುತ್ತಿದ ಮಫ್ಲರನ್ನು ಬಿಸಿಲೇರಿದ ಮೇಲೆ ಎಲ್ಲಿಟ್ಟೆವೆಂದು ಮರೆಯುವಂಥದ್ದು. ಮನೆಯಲ್ಲಿ ಕೋಟು ಎಲ್ಲಿಂದ ಬರಬೇಕು? ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: "ಕೋಟಿಲ್ಲಾ, ದಿಲ್ಲೀನೂ ಇಲ್ಲಾ." ನಾನು ಊಟ ಬಿಟ್ಟೆ. ಅಂದರೆ, ರೊಟ್ಟಿ ಬಿಟ್ಟೆ. ಶೇಂಗಾ ಹೋಳಿಗೆ ಬಿಡುವಷ್ಟು ದುಃಖ ನನಗೆ ಈವರೆಗೂ ಆಗಿಲ್ಲ.

ಆಗ ಸೆರಗು ಸಿಕ್ಕಿಸಿಕೊಂಡು ಎದ್ದವಳು ಕಾಕು, ಅಪ್ಪನ ತಮ್ಮನ ಹೆಂಡತಿ. ತವರು ಗಡಿಯ ಚಡಚಣ; ಅರ್ಧ ಮರಾಠಿ, ಅರ್ಧ ಕನ್ನಡ, ಪೂರಾ ಹಟ.

"ಕೋಟಂದ್ರ ಏನವಾ? ತೋಳಿದ್ದ ಚಾದರ! ನಾ ಹೊಲೀತೇನಿ."

ಅರಿವೆಯ ಚೂರು ಬಿಸಾಡುವುದೆಂದರೆ ಕಾಕುವಿಗೆ ಅನ್ನ ಚೆಲ್ಲಿದಷ್ಟು ಪಾಪ. ಕಾಕಾನ ಧೋತರ ಅವಳ ಕೈಯಲ್ಲಿ ದಿಂಬಿನ ಗೌಸಾಗಿ, ಒರಸುವ ಅರಿವೆಯಾಗಿ ಸವೆದು ಹೋಗುವವರೆಗೂ ದುಡಿಯುತ್ತಿತ್ತು. ನವಿಲಿನ ಚಿತ್ತಾರದ ಹೊಸ ಚಾದರಕ್ಕೆ ಕತ್ತರಿ ಹಾಕಿದರೂ ಒಂದು ಚೂರೂ ಕಸಕ್ಕೆ ಹೋಗಬಾರದು ಎಂದು ಶಪಥ ಮಾಡಿ, ನನ್ನನ್ನು ಪಡಸಾಲೆಯಲ್ಲಿ ಅದರ ಮೇಲೆ ಮಲಗಿಸಿದಳು. ಗುರುತು ಹಾಕಲು ಖಡು, ಅಂದರೆ ಸೀಮೆಸುಣ್ಣ, ಸಿಗಲಿಲ್ಲ. ಸೀದಾ ದೇವರ ಮನೆಗೆ ಹೋಗಿ ಕಾಕಾ ಮೈಗೆ ಮುದ್ರೆ ಹಚ್ಚಿಕೊಳ್ಳುವ ಗೋಪೀಚಂದನದ ತುಂಡು ತಂದು, ನೀರಲ್ಲಿ ಅದ್ದಿ ನನ್ನ ಸುತ್ತ ಗೆರೆ ಎಳೆಯತೊಡಗಿದಳು. ಸ್ನಾನ ಮುಗಿಸಿ ಬಂದ ಕಾಕಾ ಬಾಗಿಲಲ್ಲೇ ನಿಂತರು.

"ಇದೇನ, ಚಾದರಕ್ಕೂ ಮುದ್ರಿ ಹಚ್ಚಲಿಕ್ಕತ್ತೀಯೇನ?"

"ದಿಲ್ಲಿಗೆ ಹೊಂಟದ. ಮಡೀಲೆ ಹೋಗ್ಲಿ ಬಿಡ್ರಿ!"

ನಾನು ನಕ್ಕು ಹೊರಳಿದೆ, ಗೆರೆಯೂ ಹೊರಳಿತು. ಕೋಟಿನ ಬಲಗಡೆ ಇಂದಿಗೂ ಡೊಂಕು.

ಒಂದು ತುದಿಯ ಪಟ್ಟಿಯಿಂದ ಎರಡು ತೋಳಾದವು. ಉಳಿದದ್ದನ್ನು ಹೆಗಲ ಮೇಲೆ ಮಡಚಿ, ಮುಂದುಗಡೆ ಸೀಳಿ, ಕುತ್ತಿಗೆಯ ಬಳಿ ಹೊರಕ್ಕೆ ಮಗುಚಿದಳು, ಅದೇ ಕಾಲರು. ಪಕ್ಕದ ಹೆಚ್ಚಿನ ಬಟ್ಟೆಯನ್ನೂ ಕತ್ತರಿಸದೆ ಒಳಗೆ ಮಡಚಿ ಹೊಲಿದಳು. ಕಸಬರಿಗೆಗೆ ಕೆಲಸವೇ ಉಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಎದೆಯ ಮೇಲೆ ಸಾಲು ಸಾಲು ನವಿಲು, ನಾನು ಮಹಾರಾಣಿ! ಗತ್ತಿನಿಂದ ಬೆನ್ನು ತಿರುಗಿಸಿದೆ. ಅಪ್ಪನ ಬಾಯಲ್ಲಿದ್ದ ಚಹಾ ಹೊರಗೆ ಬಂತು. ಹೆಗಲ ಮೇಲೆ ಮಡಚಿದ ಬಟ್ಟೆಯಲ್ಲವೇ, ಬೆನ್ನಿನ ನವಿಲುಗಳೆಲ್ಲ ತಲೆ ಕೆಳಗೆ, ಕಾಲು ಮೇಲೆ!

ನನಗೆ ಅಳುವೇ ಬಂತು. ಕಾಕು ಮಾತ್ರ ಜಗ್ಗಲಿಲ್ಲ. "ನಿನ್ನ ಬೆನ್ನ ನಿನಗ ಕಾಣಸ್ತದೇನು? ಹೋಗು ಸುಮ್ನ!"

ಹೋದೆ. ಕೆಂಪು ಕೋಟೆಯ ಮುಂದಿನ ಗದ್ದಲದಲ್ಲಿ ನಮ್ಮ ಗುಂಪು ತಪ್ಪಿ, ಹೆದರಿ ಅತ್ತಿತ್ತ ಓಡತೊಡಗಿದೆ. ಅಷ್ಟರಲ್ಲಿ ಹಿಂದಿನಿಂದ ನಮ್ಮ ಮೇಡಂ ಕೂಗಿದರು: "ಅಲ್ಲೇ ನಿಂದ್ರು! ಉಲ್ಟಾ ನವಿಲು ನಮ್ಮ ಇಂಡೀದೇ!"

ಊರಿಗೆ ಬಂದು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೋಲಾಪುರ ದಾಟದ ಕಾಕು ಮಾತ್ರ "ದಿಲ್ಲಿ ಹೆಂಗದ ಹೇಳು" ಎಂದು ಮತ್ತೆ ಮತ್ತೆ ಕೇಳಿದಳು. ಕೋಟನ್ನು ಒಮ್ಮೆ ತಾನೇ ಹಾಕಿ ನೋಡಿದಳು. ಅವಳಿಗೆ ಅದು ಬಿಗಿಯಾಯಿತು. ಮಡಚಿ ಟ್ರಂಕಿಗೆ ಹಾಕಿದಳು.

ಈಗ ಅದನ್ನು ತೆಗೆದದ್ದು ಅವಳಿಗಾಗಿಯೇ. ಅವಳ ಭಜನಾ ಮಂಡಳಿ ದಿಲ್ಲಿ ನೋಡಿಕೊಂಡು ಹರಿದ್ವಾರಕ್ಕೆ ಹೊರಟಿದೆ. ತಲೆ ಪೂರ್ತಿ ಬೆಳ್ಳಗಾದ ಕಾಕುವಿಗೆ ಅವಳ ಮಗ ಥೇಟ್ ನಮ್ಮಪ್ಪನಂತೆಯೇ "ಥಂಡಿ ಭಾಳ, ಬ್ಯಾಡ" ಅಂದಿದ್ದಾನೆ. ನಾನು ಪಕ್ಕದ ಹೊಲಿಗೆ ಬಿಚ್ಚಿದೆ. ಅಂದು ಮಡಚಿಟ್ಟ ಬಟ್ಟೆಯೆಲ್ಲ ಅಲ್ಲೇ ಇತ್ತು. ಕಾಕುವಿನ ಮೈಗೆ ಸರೀ ಹೊಂದಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ.

"ಕಾಕೂ, ಈ ಸಲ ಹೆಗಲ ಮ್ಯಾಲ ಕತ್ತರಿಸಿ ಬೆನ್ನಿನ ನವಿಲ ಸೀದಾ ಮಾಡಲೇನು?"

"ಬ್ಯಾಡ. ನಾ ತಪ್ಪಿಸಿಕೊಂಡ್ರ ನೀ ಹೆಂಗ ಹುಡುಕ್ತಿ?"

"ನಾ ಎಲ್ಲಿ ಬರಲಿಕ್ಕತ್ತೇನಿ?"

"ಮತ್ತ? ನನ್ನ ಬೆನ್ನ ನನಗ ಕಾಣಸ್ತದೇನು?"

ನಗುತ್ತಲೇ ರಜೆ ಕೇಳಲು ನಾನು ಕಲಿಸುವ ಸಾಲೆಗೆ ಫೋನು ಹಚ್ಚಿದೆ. ಇಟ್ಟ ಮೇಲೆ ನೆನಪಾಯಿತು: ನನಗೆ ಕೋಟಿಲ್ಲ! ತಿರುಗಿ ನೋಡಿದರೆ ಕಾಕು ನನ್ನ ಹಾಸಿಗೆಯ ಚಾದರವನ್ನು ಪಡಸಾಲೆಯಲ್ಲಿ ಹಾಸಿ, ಗೋಪೀಚಂದನ ಹಿಡಿದು ಕೂತಿದ್ದಳು.

"ಮಲ್ಕೋ. ಈ ಸಲಾದ್ರೂ ಹೊರಳಬ್ಯಾಡ."