ಬಾಯಮ್ಮನ ಒಂದು ಗಂಟೆ

ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸುವಾಗ ಹಳೇ ಹೆಡ್‌ಫೋನ್ ಒಂದು ಜಾರಿ ಕಾಲ ಮೇಲೆ ಬಿತ್ತು. ಕಿವಿಗೆ ಕೂರುವ ಮೆತ್ತೆ ಸಿಪ್ಪೆ ಎದ್ದು, ಮುಟ್ಟಿದ ಕೈಯೆಲ್ಲ ಕಪ್ಪು ಚೂರು. ಮೂಸಿ ನೋಡಿದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬೆಡ್‌ಶೀಟಿನ ವಾಸನೆ ಇನ್ನೂ ಉಂಟೋ, ನನ್ನ ಭ್ರಮೆಯೋ... "ಅಮ್ಮಾ, ಜಸ್ಟ್ ಥ್ರೋ ಇಟ್" ಅಂದಳು ಮಗಳು. ಬಿಸಾಡಬೇಕಂತೆ! ಹತ್ತು ವರ್ಷದಿಂದ ಬಿಸಾಡಲಿಕ್ಕೂ ಆಗದೆ, ಕಿವಿಗೆ ಹಾಕಲಿಕ್ಕೂ ಧೈರ್ಯ ಬಾರದೆ ಇಟ್ಟುಕೊಂಡದ್ದು ಅದು.

ಅದು ನನ್ನ ರೂಮಿನ ಬಾಯಮ್ಮನದ್ದು. ನಮ್ಮ ಉಡುಪಿ ಕಡೆ ವಯಸ್ಸಾದ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಅಂತಲೇ ಕರೆಯುವುದು, ನಾನೂ ಹಾಗೇ ಕರೆದೆ. ಇಲ್ಲಿ ಗಲ್ಫಿನಲ್ಲಿ, ದೇರಾದ ಆ ಫ್ಲಾಟಿನಲ್ಲಿ ನಮ್ಮ ರೂಮಿಗೆ ಆರು ಮಂಚ, ಎರಡೆರಡಾಗಿ ಒಂದರ ಮೇಲೊಂದು. ನಾನು ಕೆಳಗೆ, ಬಾಯಮ್ಮ ಮೇಲೆ. ಇದ್ದ ಒಂದು ಕಿಟಕಿಗೆ ಎದುರು ಕಟ್ಟಡದ ಎಸಿ ಡಬ್ಬಗಳು ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ, ತೆರೆಯಲಿಕ್ಕೂ ಬರುತ್ತಿರಲಿಲ್ಲ. ನಾನು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂರುವವಳು. ಅವರು ರಾಸ್ ಅಲ್ ಖೋರ್‌ನ ದೊಡ್ಡ ಲಾಂಡ್ರಿಯಲ್ಲಿ ಹೋಟೆಲುಗಳ ಬೆಡ್‌ಶೀಟ್ ಒಗೆಸುವ ಸೂಪರ್‌ವೈಸರ್.

ಮತ್ತೆ, ಕೇಳಿದರೆ ನಗಬೇಡಿ, ಬಾಯಮ್ಮ ಡಿಜೆ! ಐವತ್ತರ ಹತ್ತಿರದ ಹೆಂಗಸು, ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಟ್ರಾನ್ಸ್ ಅನ್ನುವ ಡ್ಯಾನ್ಸ್ ಸಂಗೀತ ಮಿಕ್ಸ್ ಮಾಡುತ್ತಿದ್ದರು. ವಾರಕ್ಕೆ ಒಂದು ಗಂಟೆಯ ಶೋ, ಒಂದು ಸಣ್ಣ ಇಂಟರ್ನೆಟ್ ರೇಡಿಯೋಕ್ಕೆ. ಮರುದಿನ ಅದೇ ಪಾಡ್‌ಕಾಸ್ಟ್ ಆಗಿ ಬರುತ್ತಿತ್ತು. ಅವರ ಅಪ್ಪ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದರಂತೆ, ತಾಳ ರಕ್ತದಲ್ಲೇ ಇತ್ತು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ನುಸುಳಬೇಕು, ಸಂದು ಕಾಣಬಾರದು. ಅದಕ್ಕೆ ಬೆರಳು ಮಡಚಿ ಹದಿನಾರು ಹದಿನಾರು ಎಣಿಸುತ್ತಿದ್ದರು, ಲಾಂಡ್ರಿಯಲ್ಲಿ ಶೀಟು ಎಣಿಸಿದ ಹಾಗೆಯೇ. ನನಗೆ ಎಲ್ಲ ಒಂದೇ ಧಂ ಧಂ. "ಇದೆಂತ ಬಾಯಮ್ಮ, ವಾಷಿಂಗ್ ಮೆಶಿನ್ ತಿರುಗಿದ ಹಾಗೆ?" ಅಂತ ಕೀಟಲೆ ಮಾಡಿದರೆ, "ಮಧ್ಯದಲ್ಲಿ ಡ್ರಮ್ ನಿಲ್ತದಲ್ಲ, ಅಲ್ಲಿವರೆಗೆ ಕೇಳು ಮಾರಾಯ್ತಿ. ಅಲ್ಲಿ ಉಸಿರು ಬಿಡ್ಲಿಕ್ಕೆ ಜಾಗ ಉಂಟು" ಅನ್ನುತ್ತಿದ್ದರು.

ಉಸಿರು ಬಿಡಲು ಅವರಿಗೆ ಬೇರೆಲ್ಲೂ ಜಾಗ ಇರಲಿಲ್ಲ. ಲಾಂಡ್ರಿಯ ಲೈಸೆನ್ಸ್ ಯಾವುದೋ ತಕರಾರಿನಲ್ಲಿ ಸಿಕ್ಕಿ, ಇವರ ವೀಸಾ ರಿನ್ಯೂ ಆಗದೆ ನಿಂತಿತ್ತು. ಪಾಸ್‌ಪೋರ್ಟ್ ಮ್ಯಾನೇಜರನ ಬೀರುವಿನಲ್ಲಿ. ಕೇಳಿದಾಗಲೆಲ್ಲ "ಬುಕ್ರಾ" ಎಂಬ ಒಂದೇ ಉತ್ತರ, ನಾಳೆ. ಆ ನಾಳೆ ಮೂರು ವರ್ಷದಿಂದ ಬಂದಿರಲಿಲ್ಲ. ಊರಿಗೆ ಹೋಗಲಾಗದ ಹಟಕ್ಕೋ ಏನೋ, ಅವರು ತಮ್ಮ ಲ್ಯಾಪ್‌ಟಾಪಿನ ಗಡಿಯಾರವನ್ನು ಮಾತ್ರ ಊರಿನ ಸಮಯಕ್ಕೇ ಇಟ್ಟಿದ್ದರು, ಇಲ್ಲಿಗಿಂತ ಒಂದೂವರೆ ಗಂಟೆ ಮುಂದೆ.

ಆಗ ಕಿನ್ನಿಗೋಳಿ ಹತ್ತಿರದ ಅವರ ಮನೆಯಲ್ಲಿ ಒಬ್ಬಳೇ ಮಗಳಿಗೆ ಮದುವೆ ನಿಶ್ಚಯವಾಯಿತು. ಮದುವೆಯ ಮುಂಚಿನ ಸಂಜೆ ಅವರಲ್ಲಿ ರೋಸ್ ಅಂತ ಶಾಸ್ತ್ರ. ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರೆ, ಹೆಂಗಸರು ವೊವಿಯೊ ಅನ್ನುವ ಮದುವೆ ಪದ ಹಾಡುತ್ತಾರೆ. ಬಾಯಮ್ಮ ಮ್ಯಾನೇಜರನ ಕಾಲಿಗೆ ಬೀಳುವುದೊಂದು ಬಾಕಿ. ಬುಕ್ರಾ, ಬುಕ್ರಾ. ಹೋಗಲಿಕ್ಕಾಗುವುದಿಲ್ಲ ಅಂತ ಖಾತ್ರಿಯಾದ ದಿನ ಅವರು ಅಳಲಿಲ್ಲ. "ನಾನು ಹೋಗದಿದ್ರೆ ಬೇಡ, ನನ್ನ ಹಾಡು ಹೋಗ್ಲಿ" ಅಂದರು.

ಒಂದು ಗಂಟೆಯ ಟ್ರಾನ್ಸ್. ಅದರ ನಟ್ಟನಡುವೆ ಡ್ರಮ್ ನಿಲ್ಲುವಲ್ಲಿ ಬಾಯಮ್ಮ ತಮ್ಮದೇ ಗಂಟಲಿನಲ್ಲಿ ವೊವಿಯೊ ಹಾಡಿ ಸೇರಿಸುವುದು ಅಂತ ಆಯಿತು. ಉಳಿದವರೆಲ್ಲ ಡ್ಯೂಟಿಗೆ ಹೋದ ಒಂದು ಬೆಳಿಗ್ಗೆ ಮೂರು ರಜಾಯಿ ಹೊದ್ದು ಒಳಗೆ ಕೂತು ಹಾಡಿದರು. ಎಸಿ ಸದ್ದು ಬರಬಾರದೆಂದು ಅದನ್ನೂ ಆರಿಸಿದ್ದೆವು, ಜೂನ್ ತಿಂಗಳು! ನಾನು ರಜಾಯಿಯ ಅಂಚು ಹಿಡಿದು ನಿಂತಿದ್ದೆ. ಹೊರಗೆ ಬರುವಾಗ ಮುಖವೆಲ್ಲ ಒದ್ದೆ. ಬೆವರೋ ಕಣ್ಣೀರೋ, ನಾನು ಕೇಳಲಿಲ್ಲ.

"ಫೈಲ್ ಕಳಿಸಿಬಿಡಿ ಬಾಯಮ್ಮ, ಅವರೇ ಹಾಕಿಕೊಳ್ತಾರೆ" ಅಂದಿದ್ದೆ. "ಫೈಲ್ ಕಳಿಸಿದ್ರೆ ಪಾರ್ಸೆಲ್ ಕಳಿಸಿದ ಹಾಗೆ. ರೇಡಿಯೋದಲ್ಲಾದ್ರೆ ಅವರು ಅಲ್ಲಿ ಕೇಳುವಾಗ್ಲೇ ನಾನಿಲ್ಲಿ ಕೇಳ್ತೇನೆ. ಒಟ್ಟಿಗೆ ಇದ್ದ ಹಾಗೆ ಅಲ್ವಾ?" ಅಂದರು. ಚಪ್ಪರದಲ್ಲಿ ಸರಿಯಾಗಿ ಸಂಜೆ ಆರಕ್ಕೆ ಸ್ಪೀಕರಿಗೆ ಹಚ್ಚುವುದು ಅಂತ ಮಾತಾಯಿತು. ರೋಸ್‌ನ ದಿನ ಬೆಳಿಗ್ಗೆ ಫೈಲ್ ಇನ್ನೂ ತಯಾರಾಗುತ್ತಿತ್ತು, ಲಾಂಡ್ರಿಯ ಬಸ್ ಬಂದೇಬಿಟ್ಟಿತು. ಅದನ್ನು ಅವರ ಲ್ಯಾಪ್‌ಟಾಪಿನಿಂದ ಸ್ಟೇಷನ್ನಿಗೆ ಹಾಕಿ ಹೊತ್ತು ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಚೀಟಿ ಬರೆದು ನನ್ನ ಕೈಗಿಟ್ಟರು, "ಟೈಮ್ ಆರು ಅಂತ ಹಾಕು." ಅಷ್ಟೇ.

ನಾನೋ ಮಹಾ ಜಾಣೆ! ಊರಿನ ಆರು ಅಂದರೆ ಇಲ್ಲಿಯ ನಾಲ್ಕೂವರೆ, ಬಾಯಮ್ಮ ಗಡಿಬಿಡಿಯಲ್ಲಿ ಕಳೆಯಲಿಕ್ಕೆ ಮರೆತಿದ್ದಾರೆ ಅಂದುಕೊಂಡೆ. ಗಲ್ಫಿಗೆ ಬಂದವರೆಲ್ಲರ ತಲೆಯಲ್ಲಿ ಈ ಒಂದೂವರೆ ಗಂಟೆ ಕಳೆಯುವ ಲೆಕ್ಕ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ನಾಲ್ಕೂವರೆ ಅಂತ ಒತ್ತಿ, ಖುಷಿಯಲ್ಲಿ ಕ್ಲಿನಿಕ್‌ಗೆ ಹೋದೆ. ಆ ಲ್ಯಾಪ್‌ಟಾಪ್ ಮೊದಲೇ ಊರಿನ ಸಮಯದಲ್ಲಿತ್ತು, ಅದರಲ್ಲಿ ಒತ್ತಿದ ಹೊತ್ತು ಊರಿನದ್ದೇ ಆಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಊರಿನ ನಾಲ್ಕೂವರೆಗೆ ಬಾಯಮ್ಮನ ಹಾಡು ಯಾರೂ ಇಲ್ಲದಲ್ಲಿಗೆ ಹೋಗಿ ಮುಗಿಯಿತು. ಚಪ್ಪರಕ್ಕೆ ಆಗಿನ್ನೂ ಕುರ್ಚಿ ಇಳಿಸುತ್ತಿದ್ದರಂತೆ. ಆರಕ್ಕೆ ಹುಡುಗಿಯನ್ನು ಕೂರಿಸಿ, ಎಲ್ಲರನ್ನೂ ಸುಮ್ಮನಿರಿಸಿ ಸ್ಪೀಕರ್ ಹಚ್ಚಿದರೆ ಬೇರೆ ಯಾರದೋ ಶೋ. ಇತ್ತ ರಾಸ್ ಅಲ್ ಖೋರ್‌ನಲ್ಲಿ ಮೆಶಿನುಗಳ ನಡುವೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದ ಬಾಯಮ್ಮನೂ ಅದನ್ನೇ ಕೇಳಿದರು.

ಸಂಜೆ ನಾನು ಬರುವಾಗ ಅವರು ನನ್ನ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಮೂಲೆಯ ಗಡಿಯಾರದ ಮೇಲೆ ನನ್ನ ಕಣ್ಣು ಬಿತ್ತು. ಅದು ಊರಿನ ಹೊತ್ತು.

"ನೀನು ಆರು ಅಂತಲೇ ಹಾಕಿದ್ದಲ್ವಾ?"

"ಹೌದು ಬಾಯಮ್ಮ."

ಆ ಎರಡು ಶಬ್ದ ಯಾಕೆ ಹೇಳಿದೆನೋ... ಅವರ ಮುಖ ನೋಡಿ ಹೆದರಿ ಹೇಳಿದ್ದು, ಬೇರೇನೂ ಇಲ್ಲ. ಅವರು ಆಗಲೇ ಸ್ಟೇಷನ್ ನಡೆಸುವವರಿಗೆ ಫೋನ್ ಹಚ್ಚಿದರು. ಇಲ್ಲಿ ನಾಲ್ಕೂವರೆ ಅಂತಲೇ ತೋರಿಸ್ತಾ ಉಂಟು ಅಂತ ಆ ಮನುಷ್ಯ ಹೇಳಿರಬೇಕು. ಬಾಯಮ್ಮ ಸಿಟ್ಟಿನಿಂದ ಹಿಂದಿಯಲ್ಲಿ, "ನನ್ನ ಹುಡುಗಿ ಸುಳ್ಳು ಹೇಳುವವಳಲ್ಲ. ಖಲಾಸ್!" ಅಂತ ಫೋನ್ ಇಟ್ಟರು. ಅಂದಿಗೆ ಅವರ ಶೋ ಮುಗಿಯಿತು.

ಆಮೇಲಿನ ಏಳು ತಿಂಗಳು ಮೇಲಿನ ಮಂಚದಿಂದ ಧಂ ಧಂ ಬರಲಿಲ್ಲ. ನನಗೆ ನಿದ್ದೆ ಬರುತ್ತಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ನಾನೂ ಆ ಮ್ಯಾನೇಜರನ ಹಾಗೆ ಬುಕ್ರಾ ಬುಕ್ರಾ ಅನ್ನುತ್ತಾ ಕಳೆದೆ. ಕೊನೆಗೊಂದು ದಿನ ಪಾಸ್‌ಪೋರ್ಟ್ ಸಿಕ್ಕಿತು. ಹೊರಡುವಾಗ ಬಾಯಮ್ಮ ಹೆಡ್‌ಫೋನ್ ನನ್ನ ಕೈಗಿಟ್ಟು, "ಇನ್ನು ನನಗೆಂತಕ್ಕೆ? ನೀನು ಕೇಳು" ಅಂದರು. ಆಗಲೂ ನಾನು ನಿಜ ಹೇಳಲಿಲ್ಲ. ಕಳೆದ ವರ್ಷ ಅವರು ತೀರಿಹೋದರು ಅಂತ ಅವರ ಮಗಳು ಮೆಸೇಜ್ ಹಾಕಿದ್ದಳು. ಉತ್ತರವಾಗಿ ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದೆ, ಅಷ್ಟೇ ನನ್ನ ಯೋಗ್ಯತೆ.

ಇವತ್ತು ಹುಡುಕಿದೆ. ಆ ಪಾಡ್‌ಕಾಸ್ಟ್ ಇನ್ನೂ ಅಲ್ಲೇ ಇತ್ತು. ಮಗಳನ್ನು ಆಡಲು ಕಳಿಸಿ, ಡಿಸ್ಕವರಿ ಗಾರ್ಡನ್ಸಿನ ಈ ಮನೆಯ ಬಾಗಿಲು ಹಾಕಿಕೊಂಡು, ಸಿಪ್ಪೆ ಉದುರುವ ಹೆಡ್‌ಫೋನನ್ನು ಹತ್ತು ವರ್ಷದ ಮೇಲೆ ಕಿವಿಗೆ ಇಟ್ಟೆ. ಧಂ ಧಂ. ಡ್ರಮ್ ನಿಂತಿತು, ವೊವಿಯೊ ಬಂತು. ನಾನು ಅಂಚು ಹಿಡಿದು ನಿಂತಿದ್ದ ರಜಾಯಿಯೊಳಗಿನ ದನಿ. ಮತ್ತೆ ಡ್ರಮ್ ಬಂತು, ಗಂಟೆ ಮುಗಿಯುತ್ತಾ ಬಂತು. ತೆಗೆಯಬೇಕು ಅನ್ನುವಷ್ಟರಲ್ಲಿ ಬಾಯಮ್ಮ ಮಾತಾಡಿದರು. ನಾನಿಲ್ಲದಾಗ ಸೇರಿಸಿದ್ದಿರಬೇಕು. ಕೊಂಕಣಿಯಲ್ಲಿ ಹೇಳಿದ್ದು, ಆರು ಮಂಚದ ಆ ರೂಮಿನಲ್ಲಿದ್ದು ಅಷ್ಟು ಕೊಂಕಣಿ ನನಗೂ ಬರುತ್ತದೆ.

"ಇದನ್ನು ಹೊತ್ತಿಗೆ ಸರಿಯಾಗಿ ನಿಮಗೆ ಮುಟ್ಟಿಸಿದವಳು ನನ್ನ ರೂಮಿನ ಹುಡುಗಿ. ಅವಳಿಗೂ ಒಳ್ಳೇದಾಗ್ಲಿ ಅಂತ ಬೇಡಿಕೊಳ್ಳಿ."

"ಬಾಯಮ್ಮ, ಟೈಮ್ ತಪ್ಪು ಹಾಕಿದ್ದು ನಾನೇ" ಅಂದೆ, ಗಟ್ಟಿಯಾಗಿ. ಹೆಡ್‌ಫೋನಿನಲ್ಲಿ ಆಗಲೇ ಸದ್ದು ನಿಂತಿತ್ತು.