ತದಡಿಯಲ್ಲಿ ಅಕ್ಕ ಕುಂಟಿದಳು

ಕುಮಟಾದಿಂದ ಗೋಕರ್ಣದವರೆಗೆ ಸಮುದ್ರದ ದಂಡೆ ಹಿಡಿದು ಎರಡು ದಿನ ನಡೆಯುವ ಹೆಂಗಸರ ಗುಂಪೊಂದರಲ್ಲಿ ನಾನು ನನ್ನ ಹೆಸರು ಬರೆಸಿದ್ದೆ. ತಿಕೋಟಾದ ಶಾಲೆಯಲ್ಲಿ ನನ್ನೊಂದಿಗೆ ಕಲಿಸುವ ಗೆಳತಿ ಜೊತೆಗೆ ಬರಬೇಕಿತ್ತು. ಹೊರಡಲು ಒಂದು ವಾರವಿರುವಾಗ ಅವಳ ಅತ್ತೆ ಬಚ್ಚಲಲ್ಲಿ ಜಾರಿಬಿದ್ದರು. ಆ ಜಾಗಕ್ಕೆ ಯಾರನ್ನು ಕರೆಯಲಿ ಎಂದು ಯೋಚಿಸುತ್ತಿರುವಾಗ ಬಬಲೇಶ್ವರದಿಂದ ಅಕ್ಕನ ಫೋನು ಬಂತು. ಮಾತಿನ ನಡುವೆ ಸುಮ್ಮನೆ ಹೇಳಿದೆ.

"ನಾ ಬರ್ತೀನಿ," ಎಂದಳು ಅಕ್ಕ.

ಅವಳಿಗೆ ಅವಳದೇ ಕಾರಣವಿತ್ತು. ಯುಗಾದಿಗೆ ಮುಂಚೆ ಅವಳ ಊರಿನವರು ಪ್ರತಿವರ್ಷ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅಕ್ಕನಿಗೆ ಆ ಆಸೆ. ಮೊದಲು ಮಕ್ಕಳು ಸಣ್ಣವರು, ಆಮೇಲೆ ಅತ್ತೆಯ ಕಾಯಿಲೆ, ಮತ್ತೆ ಎಮ್ಮೆಗಳು. ಈಗ ಸೊಸೆ ಬಂದು ಮನೆ ಹಿಡಿದಿದ್ದಾಳೆ. ಅಡ್ಡಿ ಇದ್ದದ್ದು, ಅಷ್ಟು ದೂರ ಇವಳಿಂದ ನಡೆಯಲಾದೀತೇ ಎಂಬ ಅವಳ ಗಂಡನ ಅನುಮಾನವೊಂದೇ. ಅವರನ್ನು ನಾನು ಮಾಮಾ ಅನ್ನುತ್ತೇನೆ. ಸಮುದ್ರದ ಸುದ್ದಿ ಕೇಳಿದ ಮಾಮಾ, ಮಾತಾಡಲೆಂದು ನಾನು ಬಬಲೇಶ್ವರಕ್ಕೆ ಹೋದಾಗ, ಅಂಗಳದಲ್ಲಿ ನಿಂತು, ನನ್ನೆದುರಿಗೇ ಅಕ್ಕನಿಗೆ ಹೇಳಿದರು:

"ಎರಡು ದಿನ ಉಸುಕಿನ್ಯಾಗ ನಡದು ಬಾ. ಅಷ್ಟು ನೀಗಿತಂದ್ರ ಈ ವರ್ಷ ಮಲ್ಲಯ್ಯನ ಕಡೆ ಹೋಗು. ನಾ ಬ್ಯಾಡ ಅನ್ನೂದಿಲ್ಲ."

ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ.

ನಾನು ಒಂದು ತಿಂಗಳಿಂದ ಹೊಸ ಬೂಟು ಹಾಕಿಕೊಂಡು, ನಸುಕಿಗೆ ಎದ್ದು, ಜೋರಾಪುರ ಪೇಟೆಯ ನಮ್ಮ ಮನೆಯಿಂದ ಇಟ್ಟಂಗಿಹಾಳದ ದಾರಿಯಲ್ಲಿ ನಡೆದು ಬರುತ್ತಿದ್ದೆ. ಅಕ್ಕ ಯಾವ ತಯಾರಿಯನ್ನೂ ಮಾಡಲಿಲ್ಲ. ಸಂಕ್ರಾಂತಿಯ ರಜೆಯಲ್ಲಿ ನಾವು ಹೊರಟಾಗ ಇಳಕಲ್ ಸೀರೆ ಉಟ್ಟು, ರಬ್ಬರಿನ ಚಪ್ಪಲಿ ಮೆಟ್ಟಿ, ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು ಹಿಡಿದು ಬಂದಳು. ಬಸ್ಸಿನಲ್ಲಿ ನಾನು ಗುಂಪಿನವರಿಗೆಲ್ಲ ನನ್ನ ನಸುಕಿನ ನಡಿಗೆಯ ಬಗ್ಗೆ ಹೇಳುತ್ತಲೇ ಇದ್ದೆ.

ಅಕ್ಕ ಸಮುದ್ರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನಿಂತು ನೋಡಿ, "ಇದು ಯಾವಾಗ್ಲೂ ಹಿಂಗ ಸಪ್ಪಳ ಮಾಡತೈತೇನು? ಈ ಊರಾಗಿನ ಮಂದಿ ಹೆಂಗ ಮಲಗತಾರ?" ಎಂದು ಕೇಳಿದಳು. ಆಮೇಲೆ ಚಪ್ಪಲಿ ಕಳಚಿ ಗಂಟಿಗೆ ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ, ತೆರೆ ಬಂದು ಹೋಗುವ ಅಂಚಿಗೇ ಹೆಜ್ಜೆ ಹಾಕತೊಡಗಿದಳು. ನಾವೆಲ್ಲ ಒಣ ಮರಳಿನಲ್ಲಿ ಕಾಲು ಹೂತು ಏದುಸಿರು ಬಿಡುತ್ತಿದ್ದೆವು. ಅವಳು ಹಿಂತಿರುಗಿ ಕೂಗಿದಳು:

"ಅಲ್ಲ್ಯಾಕ ಕಾಲು ಎಳೀತೀರಿ? ನೀರು ಹರದ ಕಡೆ ಬರ್ರಿ, ನೆಲ ಗಟ್ಟಿ ಐತಿ!"

ಅವಳ ಮಾತು ಖರೆ ಇತ್ತು. ಅಲ್ಲಿಂದ ಮುಂದೆ ಇಡೀ ಗುಂಪು ಅವಳ ಹಿಂದೆಯೇ ನಡೆಯಿತು. ಕೆಂಪುಗಲ್ಲಿನ ದಿಬ್ಬ ಬಂದಲ್ಲಿ ಅವಳೇ ಮೊದಲು ಹತ್ತಿ ಉಳಿದವರಿಗೆ ಕೈ ಕೊಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಬೂಟಿನೊಳಗೆ ಮರಳು ಸೇರಿ ಎರಡೂ ಹಿಮ್ಮಡಿಗಳಲ್ಲಿ ಗುಳ್ಳೆ ಎದ್ದವು. ಸಂಜೆಗೆ ಒಡೆದವು. ಅಷ್ಟು ಜಂಬ ಕೊಚ್ಚಿಕೊಂಡ ಮೇಲೆ ಯಾವ ಮುಖದಲ್ಲಿ ಹೇಳಲಿ? ನಾವು ಇಳಿದುಕೊಂಡ ಮನೆಯಲ್ಲಿ ಅಕ್ಕನಿಗೆ ಮಾತ್ರ ನನ್ನ ಕಾಲು ಕಂಡವು. ಆ ಮನೆಯವರಿಂದ ಅರಿಸಿನ, ಕೊಬ್ಬರಿ ಎಣ್ಣೆ ಕೇಳಿ ತಂದು ಹಚ್ಚಿದಳು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಅಘನಾಶಿನಿ ದಾಟಿ ತದಡಿಗೆ ಬಂದೆವು. ನಮ್ಮನ್ನು ಕರೆದೊಯ್ಯುತ್ತಿದ್ದವರು ಹುಬ್ಬಳ್ಳಿಯ ಒಬ್ಬ ಗಟ್ಟಿಗಿತ್ತಿ. ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಇನ್ನ ಮುಂದಿಂದ ಬಾಳ ಚಂದದ ಹಾದಿ. ಗುಡ್ಡ ಹತ್ತಬೇಕು, ಬಂಡೆಗಲ್ಲು ಇಳೀಬೇಕು. ನಡುವ ಗಾಡಿ ಸಿಗೂದಿಲ್ಲ. ಯಾರಿಗರೆ ಆಗೂದಿಲ್ಲ ಅಂದ್ರ ಈಗ ಹೇಳ್ರಿ, ಇಲ್ಲಿಂದ ಆಟೋದಾಗ ಗೋಕರ್ಣಕ್ಕ ಹೋಗಬಹುದು."

ನನ್ನಿಂದ ಆಗುತ್ತಿರಲಿಲ್ಲ. ಅದು ನಿಜ. ಒಬ್ಬಳೇ ಆಟೋ ಹತ್ತಿ ಹೋಗಬಹುದಿತ್ತು, ಅದೂ ನಿಜ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

"ನಮ್ಮ ಅಕ್ಕಗ ಮೊಣಕಾಲು ಹಿಡದಾವ್ರಿ. ನಿನ್ನಿಯಿಂದ ತಡಕೊಂಡಾಳ, ಹೇಳವಲ್ಲಳು. ನಾವಿಬ್ಬರೂ ಗಾಡಿ ಮ್ಯಾಲ ಬರ್ತೀವ್ರಿ."

ಅಕ್ಕ ನಾಲ್ಕು ಹೆಜ್ಜೆಯಾಚೆ ಸೀರೆ ಎತ್ತಿ ಕಟ್ಟುತ್ತಿದ್ದಳು. ಹುಬ್ಬಳ್ಳಿಯವರು ಅವಳ ಹತ್ತಿರ ಹೋದರು.

"ಹೌದೇನ್ರಿ ಅಕ್ಕಾರ? ನಿನ್ನೆ ಎಲ್ಲಾರಕಿಂತ ಮುಂದ ನೀವ ಇದ್ರಿ."

ಅಕ್ಕ ನನ್ನ ಮುಖ ನೋಡಿದಳು. "ಹೂನ್ರಿ," ಎಂದಳು. "ಸ್ವಲ್ಪ ಹಿಡದಾವ."

ಸೀರೆ ಬಿಚ್ಚಿ ಇಳಿಬಿಟ್ಟು ಆಟೋದ ಕಡೆ ನಡೆದಳು. ನಡೆಯುವಾಗ ಬಲಗಾಲು ಕುಂಟಿದಳು. ಯಾವ ಮೊಣಕಾಲು ಎಂದು ನಾನು ಹೇಳಿರಲಿಲ್ಲ. ಗುಂಪಿನವರ ಕಣ್ಣಿಗೆ ಕಾಣುವಷ್ಟು ದೂರವೂ ಒಂದು ಹೆಜ್ಜೆ ತಪ್ಪದಂತೆ ಬಲಗಾಲನ್ನೇ ಕುಂಟಿದಳು.

ಆಟೋದಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಹಿಮ್ಮಡ ಸೋರಾಕತ್ತೈತೇನು?"

ಗೋಕರ್ಣದ ಒಂದು ಚಹಾದಂಗಡಿಯ ಬಾಕಿನ ಮೇಲೆ ಇಡೀ ದಿನ ಕೂತೆವು. ಸಂಜೆ ಗುಂಪಿನವರು ಬಿಸಿಲಿಗೆ ಕೆಂಪಾಗಿ, ನಗುತ್ತಾ ಬಂದರು. ಒಬ್ಬಳು ಅಕ್ಕನ ಮುಂದೆ ಮೊಣಕಾಲೂರಿ ಕೂತು, ಚೀಲದಿಂದ ನೋವಿನ ಮುಲಾಮು ತೆಗೆದು ಅವಳ ಬಲ ಮೊಣಕಾಲಿಗೆ ತಿಕ್ಕಿದಳು. ಅಕ್ಕ ತಿಕ್ಕಿಸಿಕೊಂಡು, "ದೇವರು ನಿನಗ ಚೊಲೋ ಮಾಡ್ಲಿ ಯವ್ವಾ," ಎಂದಳು. ನಾನು ಅಲ್ಲೇ ಹೇಳಿಬಿಡಬಹುದಿತ್ತು. ಬದಲಿಗೆ, ನಾವು ಯಾಕೆ ನಡೆಯಲಿಲ್ಲ ಎಂದು ಫೋನಿನಲ್ಲಿ ಕೇಳಿದ ನನ್ನ ಗಂಡನಿಗೂ ಅದೇ ಸುಳ್ಳು ಹೇಳಿದೆ. ಎರಡನೆಯ ಸಲ ಅದು ಬಾಯಿಗೆ ಸಲೀಸಾಗಿ ಬಂತು.

ಗಂಡ ಕಾಳಜಿಯಿಂದಲೇ ಮಾಮಾಗೆ ಫೋನು ಮಾಡಿ ಹೇಳಿದರು. ಮಾಮಾ ಅಂದೇ ತೀರ್ಮಾನಿಸಿಬಿಟ್ಟರು. ಊರಿಗೆ ಮರಳಿದ ಮೇಲೆ ಅದನ್ನು ಅಕ್ಕ ನನಗೆ ಫೋನಿನಲ್ಲಿ, ಉಳಿದ ಸುದ್ದಿಗಳ ನಡುವೆ ತಿಳಿಸಿದಳು: "ಈ ವರ್ಷ ಮಲ್ಲಯ್ಯ ಇಲ್ಲ ಬಿಡು. ನಿಮ್ಮ ಮಾಮಾ, ಬಸ್ಸಿಗೆ ಹೋಗೂಣು ಅಂದಾರ."

"ನಾ ಅವರಿಗೆ ಖರೆ ಹೇಳ್ತೀನಿ ಅಕ್ಕಾ."

"ಬ್ಯಾಡ. ಎಲ್ಲಾರ ಮುಂದ ನೀ ಸಣ್ಣಾಕಿ ಆಗ್ತಿ."

ಆ 'ಬ್ಯಾಡ' ಎನ್ನುವ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ ಎಂದುಕೊಂಡೆ. ತಿಕೋಟಾದಿಂದ ಮನೆಗೆ ಬರುವ ಬಸ್ಸಿನಲ್ಲಿ, ಕಿಟಕಿಯಾಚೆ ದ್ರಾಕ್ಷಿ ತೋಟದ ಪಡಗಳು ಹಿಂದೆ ಸರಿಯುವಾಗ, ಬರುವ ರವಿವಾರ ತಪ್ಪದೆ ಹೋಗುತ್ತೇನೆ ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಎಷ್ಟೋ ರವಿವಾರಗಳು ಹಾಗೇ ಹೋದವು.

ಕೊನೆಗೂ ನಾನು ಬಬಲೇಶ್ವರದಲ್ಲಿ ಬಸ್ಸಿಳಿದಾಗ ಪಾದಯಾತ್ರೆಯವರು ಹೊರಟು ನಾಲ್ಕು ದಿನವಾಗಿತ್ತು. ಅಕ್ಕ ಪಡಸಾಲೆಯಲ್ಲಿ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು, ಮಾಮಾ ಅಲ್ಲೇ ಇದ್ದರು. ಚೀಲ ಕೆಳಗಿಡದೆಯೇ ಹೇಳಿದೆ.

"ಮಾಮಾ, ಅಕ್ಕನ ಮೊಣಕಾಲಿಗೆ ಏನೂ ಆಗಿದ್ದಿಲ್ಲರಿ. ಗುಳ್ಳಿ ಎದ್ದಿದ್ದು ನನ್ನ ಕಾಲಿಗೆ. ನಾಚಿಕಿಗೆ ಅಕಿ ಹೆಸರು ಹೇಳಿದ್ನಿ."

ಮಾಮಾ ನನ್ನನ್ನು ಬೈಯಲಿಲ್ಲ. ಅಕ್ಕನ ಕಡೆ ತಿರುಗಿದರು.

"ನೀ ಯಾಕ ಹೇಳಲಿಲ್ಲ?"

"ತಂಗಿ ಬಂದು ಹೇಳ್ತಾಳಂತ ಕಾದ್ನಿ," ಎಂದಳು ಅಕ್ಕ, ಸೊಪ್ಪಿನಿಂದ ಕಣ್ಣೆತ್ತದೆ.

ಮಾಮಾ ಗೂಟದಲ್ಲಿದ್ದ ಮೋಟಾರ್‌ಸೈಕಲ್ಲಿನ ಚಾವಿ ತೆಗೆದುಕೊಂಡರು. "ನಡಿ, ಅವರು ಇನ್ನ ಬಾಳ ದೂರ ಹೋಗಿರೂದಿಲ್ಲ. ಬಿಟ್ಟು ಬರ್ತೀನಿ, ಕೂಡ್ಕೊಂಡ ನಡಿ."

"ಬ್ಯಾಡ್ರಿ. ಮನಿ ಹೊಸ್ತಿಲದಿಂದ ನಡದ್ರ ನಡದಂಗ. ನಡುವ ಹೋಗಿ ಕೂಡೂದು ನನಗ ಬ್ಯಾಡ."

ಸಿಟ್ಟಿನಿಂದ ಹೇಳಲಿಲ್ಲ. ಮಾಮಾ ಚಾವಿಯನ್ನು ಮತ್ತೆ ಗೂಟಕ್ಕೆ ಹಾಕಿ ಹೊರಗೆ ಹೋದರು.

ನನ್ನನ್ನು ಊಟಕ್ಕೆ ಕೂಡ್ರಿಸಿ ಅಕ್ಕ ತಾನೇ ಬಡಿಸಿದಳು. "ತಪ್ಪಾತು ಅಕ್ಕಾ," ಎಂದೆ. "ಇರ್ಲಿ ಬಿಡು" ಎನ್ನುತ್ತಾಳೆಂದು ಕಾಯುತ್ತಿದ್ದೆ. ಸಣ್ಣವರಿದ್ದಾಗಿನಿಂದ ಅವಳು ನನಗೆ ಹೇಳುತ್ತ ಬಂದದ್ದು ಅದೇ ಮಾತು.

"ಹೌದು, ತಪ್ಪಾಗೇತಿ," ಎಂದಳು ಅಕ್ಕ. ಆಮೇಲೆ ನನ್ನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.