ಬೊಸಿಲ್ಕಾ ಅತ್ತೆಯ ಅಂಗಳದಲ್ಲಿ ಸೋತವರ ಊಟ

ನನ್ನ ಮಗ ತೋಮಾಗೆ ಈಗ ನಾಲ್ಕು ವರ್ಷ. ಅವನು ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರೆ ನಾನು ಕಿಟಕಿಗೆ ಅಂಟಿಕೊಂಡು ನಿಂತಿರುತ್ತೇನೆ. ಹಲ್ಲು ಮುರಿದುಕೊಂಡಾನು, ಬೆವರಿದ ಬೆನ್ನಿಗೆ ಗಾಳಿ ತಾಗೀತು, ಮೊಣಕಾಲಿನ ಗಾಯ ಕೀವಾದೀತು. ನನ್ನ ಹೆದರಿಕೆಗೆ ಕೊನೆಯಿಲ್ಲ. ಚೆಂಡು ಬೇಲಿ ಹಾರಿ ಪಕ್ಕದ ಅಂಗಳಕ್ಕೆ ಬಿದ್ದಾಗ ಮಾತ್ರ ಒಂದು ಗಳಿಗೆ ಎಲ್ಲ ಮರೆತುಹೋಗುತ್ತದೆ. ಅಲ್ಲಿ ಅಕ್ರೋಟ್ ಮರದ ಕೆಳಗೆ ತುಕ್ಕು ಹಿಡಿದ ಮುಕ್ಕಾಲಿ ಇನ್ನೂ ನಿಂತಿದೆ. ನಾನು ಅತ್ತೆ ಎಂದೇ ಕರೆಯುತ್ತಿದ್ದ ನೆರೆಮನೆಯ ಬೊಸಿಲ್ಕಾ ಕಡಾಯಿ ತೂಗುಹಾಕುತ್ತಿದ್ದದ್ದು ಅದಕ್ಕೇ. ಆಕೆ ಈಗಿಲ್ಲ. ನಮ್ಮೂರಿನ ಫುಟ್‌ಬಾಲ್ ಟೂರ್ನಿಯೂ ದೊಡ್ಡ ಊರಿಗೆ ಹೋಯಿತು.

ಆಗೆಲ್ಲ ಪ್ರತಿ ಮೇ ತಿಂಗಳಲ್ಲೂ ದ್ರಾವಾ ನದಿಯ ದಂಡೆಯ ನಮ್ಮ ಊರಿಗೆ ನಾಲ್ಕು ದೇಶಗಳ ಎಳೆ ಹುಡುಗರ ಫುಟ್‌ಬಾಲ್ ತಂಡಗಳು ಬರುತ್ತಿದ್ದವು. ಗೆದ್ದವರಿಗೆ ಬೆಳ್ಳಿಯ ಬಟ್ಟಲು, ಮೊದಲ ಮೂರು ತಂಡಗಳಿಗೆ ಮೇಯರ್ ಕೊಡುವ ಔತಣ. ಕೊನೆಯ ಸ್ಥಾನಕ್ಕೆ ಬಿದ್ದವರಿಗೆ ಬೊಸಿಲ್ಕಾ ಅತ್ತೆಯ ಅಂಗಳದಲ್ಲಿ ಊಟ. ಮೊದಲನೆಯ ವರ್ಷ ಸೋತ ಹುಡುಗರು ಬಸ್ಸಿನ ಪಕ್ಕ ಕೂತು ಅಳುತ್ತಿದ್ದರಂತೆ. ರೈಲ್ವೆ ಕ್ಯಾಂಟೀನಿನಲ್ಲಿ ಅಡುಗೆ ಮುಗಿಸಿ ಮನೆಗೆ ಬರುತ್ತಿದ್ದ ಅತ್ತೆ ಅಷ್ಟೂ ಮಂದಿಯನ್ನು ಒಳಗೆ ಕರೆದು ಉಣ್ಣಿಸಿದಳು. ಅಲ್ಲಿಂದ ಅದು ಊರಿನ ಪದ್ಧತಿಯೇ ಆಯಿತು. ಹುಡುಗರನ್ನು ಹೋಟೆಲಿನಿಂದ ಹೊರಗೆ ಕಾಲಿಡಲು ಬಿಡದ ತರಬೇತುದಾರರೂ ಈ ಊಟಕ್ಕೆ ಇಲ್ಲ ಎನ್ನುತ್ತಿರಲಿಲ್ಲ.

"ಗೆದ್ದೋರಿಗೆ ಖುಷಿಲೇ ಹೊಟ್ಟೆ ತುಂಬಿರತ್ತೆ ಕಣೇ. ಹಸಿವು ಸೋತೋರಿಗೆ" ಎನ್ನುತ್ತಿದ್ದಳು.

ನಾನು ಜಾಗ್ರೆಬ್‌ನಲ್ಲಿ ಹೈಸ್ಕೂಲು ಓದುತ್ತಿದ್ದು ಟೂರ್ನಿಗೆಂದು ಊರಿಗೆ ಬಂದಿದ್ದ ವರ್ಷ, ಆಸ್ಟ್ರಿಯಾ ತಂಡದಲ್ಲಿ ಅತ್ತೆಯ ಮೊಮ್ಮಗ ಫ್ಲೋರಿಯಾನ್ ಬಂದ. ಅತ್ತೆಯ ಮಗ ವಿಂಕೋ ನದಿಯ ಪಕ್ಕದ ಪ್ಲಮ್ ತೋಟ ಮಾರೋಣ ಎಂದಿದ್ದ, ಅತ್ತೆ ಒಪ್ಪಿರಲಿಲ್ಲ. ಮಾತಿಗೆ ಮಾತು ಬೆಳೆದು ಅವನು ಹೆಂಡತಿ ಮಗುವನ್ನು ಕಟ್ಟಿಕೊಂಡು ಗ್ರಾಜ್‌ಗೆ ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಹೋಗುವಾಗ ತೊಡೆಯ ಮೇಲೆ ಕೂರುತ್ತಿದ್ದ ಮೊಮ್ಮಗ ಈಗ ಅತ್ತೆಗಿಂತ ಎತ್ತರ.

ಮೊದಲ ದಿನ ಅತ್ತೆ ಮೈದಾನದ ಬೇಲಿಗೆ ಹೋಗಿ ನಿಂತಳು. ನಾನೂ ಜೊತೆಗಿದ್ದೆ. ಹುಡುಗ ಹತ್ತಿರ ಬಂದ, ನೆಲ ನೋಡುತ್ತ ಹೇಳಿದ.

"ಅಜ್ಜಿ, ನಿಮ್ಮನೆಗೆ ಹೋಗ್ಬೇಡ ಅಂದಿದಾರೆ ಅಪ್ಪ."

"ತಂಡವೇ ಬಂದ್ರೆ?"

"ತಂಡ ಬಂದ್ರೆ... ಬರ್ಲೇಬೇಕಲ್ಲ."

ಆ ಒಂದು ಮಾತು ಸಾಕಾಯಿತು. ಯಾರು ಸೋತರೂ ಮರುಗುತ್ತಿದ್ದ ಹೆಂಗಸು ಅವತ್ತಿನಿಂದ ಮೊಮ್ಮಗನ ತಂಡ ಸೋಲಲಿ ಎಂದು ಹರಕೆ ಹೊತ್ತಳು. ಸುದ್ದಿ ಬೀದಿಗೆಲ್ಲ ಹಬ್ಬಿತು.

ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಮ್ಲಾದೆನ್ ಬಿಡಲಿಲ್ಲ. "ಏನ್ ಬೊಸಿಲ್ಕಾ, ಆಸ್ಟ್ರಿಯಾ ಸೋಲ್ಲಿ ಅಂತ ಚರ್ಚಲ್ಲಿ ಮೇಣದಬತ್ತಿ ಹಚ್ಚಿದ್ಯಂತೆ?"

"ಹಚ್ಚಿದೀನಿ. ನಿನ್ನ ಮೈದಾನದಲ್ಲಿ ಹುಲ್ಲು ಬೆಳೀಲಿ ಅಂತಾನೂ ಹೋದ್ವರ್ಷ ಒಂದು ಹಚ್ಚಿದ್ದೆ. ಇನ್ನೂ ಕಾಯ್ತಾ ಇದೀನಿ."

ಆಸ್ಟ್ರಿಯಾ ಸೋಲುತ್ತಲೇ ಹೋಯಿತು. ಕೊನೆಯ ದಿನ ಸ್ಲೊವೇನಿಯಾದ ಜೊತೆ ಆಟ, ಸೋತವರಿಗೆ ಕೊನೆಯ ಸ್ಥಾನ. ಅತ್ತೆ ಬೆಳಿಗ್ಗೆಯೇ ಗಸಗಸೆ ತುಂಬಿದ ಸಿಹಿ ಬ್ರೆಡ್ ಸುರುಳಿ ಬೇಯಿಸಿಟ್ಟು, ಮೊಮ್ಮಗನಿಗೆಂದು ಅಕ್ರೋಟ್ ಮರದ ನೆರಳಿನಲ್ಲಿ ಬೇರೆ ಕುರ್ಚಿ ಹಾಕಿ ಬಂದಿದ್ದಳು. ಎರಡೂ ಕಡೆ ಸಮವಾಗಿ ಆಟ ಇನ್ನೇನು ಮುಗಿಯಬೇಕು, ಆಗ ಫ್ಲೋರಿಯಾನ್ ಎಡಗಡೆಯಿಂದ ನುಗ್ಗಿ ಬಂದು ಒದ್ದ. ಗೋಲು!

ನನ್ನ ಪಕ್ಕದಲ್ಲಿ ಅತ್ತೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. "ನನ್ನ ಬಂಗಾರ! ನೋಡ್ರೋ, ಅವನ ತಾತನದೇ ಎಡಗಾಲು!" ಎಂದು ಕೂಗಿದವಳು, ಕೂಗು ಮುಗಿಯುವ ಮೊದಲೇ ಬಾಯಿ ಮುಚ್ಚಿಕೊಂಡು ಕುಸಿದು ಕೂತಳು.

"ಔತಣಕ್ಕೆ ಹೋಗಿ ಅಲ್ಲೇ ಮಾತಾಡ್ಸಿ ಅತ್ತೆ" ಎಂದೆ.

"ಅಲ್ಲಿ ಅವನಿಗೆ ಬಡ್ಸೋರು ಬೇರೆ ಇದಾರೆ. ಸ್ಲೊವೇನಿಯಾ ಮಕ್ಕಳಿಗೆ ಯಾರಿದಾರೆ? ನಡಿ, ಬೆಂಕಿ ಆರಿರತ್ತೆ."

ಕಡಾಯಿಯಲ್ಲಿ ಕೆಂಪು ಮೆಣಸಿನಪುಡಿ ಹಾಕಿದ ಮಾಂಸದ ಸಾರು ಕುದಿಯಿತು. ಸ್ಲೊವೇನಿಯಾದ ಹುಡುಗರು ತಲೆ ತಗ್ಗಿಸಿಕೊಂಡು ಬಂದು ಕೂತರು. ಖಾಲಿ ಕುರ್ಚಿಯಲ್ಲಿ ಅವರ ಗೋಲ್‌ಕೀಪರ್ ಕೂರಲು ಹೋದ. ಅತ್ತೆ ಮೊಮ್ಮಗನಿಗೆಂದು ಹಾಕಿದ್ದ ಆ ಕುರ್ಚಿಯನ್ನು ತಾನೇ ಅವನತ್ತ ಸರಿಸಿ, ಅವನ ತಟ್ಟೆಗೆ ದೊಡ್ಡ ತುಂಡು ಹಾಕಿದಳು.

ಆಗ ಗೇಟು ಕಿರುಗುಟ್ಟಿತು. ಔತಣದ ಅಂಗಿ, ಮಣ್ಣಾದ ಬೂಟು. ಫ್ಲೋರಿಯಾನ್.

ಅತ್ತೆ ಸೌಟನ್ನು ಕಡಾಯಿಯ ಅಂಚಿಗೆ ಒರಗಿಸಿದಳು. ದನಿ ಗಟ್ಟಿ. "ಇಲ್ಲಿ ಊಟ ಸೋತೋರಿಗೆ. ನೀನು ಗೆದ್ದಿದೀಯ."

"ಗೊತ್ತು ಅಜ್ಜಿ."

"ಗೊತ್ತಿದ್ರೆ ತಗೋ ಸೌಟು. ಬಡಿಸು."

ಅವನು ಬಡಿಸಿದ. ತಾನೇ ಸೋಲಿಸಿದ ಹುಡುಗರಿಗೆ, ಒಬ್ಬೊಬ್ಬರಿಗೂ. ಆ ಗೋಲ್‌ಕೀಪರ್ "ಇನ್ನೊಂದ್ ಸೌಟು ಹಾಕಪ್ಪಾ, ಗೋಲು ಹೊಡ್ದಿದೀಯಲ್ಲ" ಎಂದಾಗ ಎಲ್ಲರೂ ನಕ್ಕರು. ಕಡೆಗೆ ತಳದಲ್ಲಿ ಉಳಿದದ್ದನ್ನು ಅವನು ಮರಕ್ಕೆ ಒರಗಿ ನಿಂತು ಬ್ರೆಡ್ಡಿನಲ್ಲಿ ಒರೆಸಿಕೊಂಡು ತಿಂದ. ಕಣ್ಣಲ್ಲಿ ನೀರು ಬಂತು.

"ಖಾರ ಆಯ್ತೇನೋ?"

"ಅಪ್ಪ ಹೇಳ್ತಾರಲ್ಲ, ಹಾಗೇ ಇದೆ."

ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಹೇಳ್ತಾನಾ?"

"ಪ್ರತಿ ಭಾನುವಾರ. ಅಮ್ಮನ ಸಾರು ತಿಂದು, ನಿಮ್ಮ ಸಾರಿನ ಖಾರ ಇದಕ್ಕಿಲ್ಲ ಅಂತಾರೆ. ಅಮ್ಮಂಗೆ ಸಿಟ್ಟು ಬರತ್ತೆ."

ಬಸ್ಸು ಹೊರಡುವ ಮೊದಲು ಅತ್ತೆ ಉಳಿದ ಗಸಗಸೆ ಸುರುಳಿಯನ್ನು ತನ್ನ ಕಸೂತಿ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. "ಬಟ್ಟೆ ವಾಪಸ್ ಬರ್ಬೇಕು. ನನ್ನ ಮದುವೇದು."

ಪ್ಲಮ್ ಹಣ್ಣಾಗುವ ಹೊತ್ತಿಗೆ ಬಟ್ಟೆ ವಾಪಸ್ ಬಂತು, ಒಗೆದು ಮಡಿಸಿ. ತಂದವನು ವಿಂಕೋ.